ಗೋಡೆ ಕೆಲಸ

ಮೊದಲನೇ ಸ್ಕ್ರೂ ಬೆರಳಲ್ಲಿ ತಳ್ಳಿದರೇ ಹಿಂದಕ್ಕೆ ಹೋಯಿತು.

ಮಟ್ಟಗೋಲು ಎಂದೇ ಹೆಸರಾದವನು ಎರಡನೆಯದನ್ನು ತಳ್ಳಿದ. ಅದೂ ಹೋಯಿತು. ಬೋರ್ಡನ್ನು ಹೊರಬೇಕಾದ ನಿಲುಪಟ್ಟಿ ಒಂದು ಕಡೆ, ಸ್ಕ್ರೂ ಇನ್ನೊಂದು ಕಡೆ. ತುದಿಗಳೆಲ್ಲ ಗಾಳಿಗೆ ಹಲ್ಲು ಕಿರಿದು ನಿಂತಿದ್ದವು. ಇದನ್ನು ಗೋಡೆ ಎನ್ನುವುದಾದರೆ ಬಟ್ಟೆ ಒಣಹಾಕಿದ ಹಗ್ಗವನ್ನೂ ಗೋಡೆ ಎನ್ನಬಹುದು.

"ಥೂ," ಎಂದ. "ಬೀಳಪ್ಪನ ಕೈಚಳಕ."

ಬೀಳಪ್ಪ ಅವನ ತಂಗಿಯ ಗಂಡ. ಹೆಸರಿಟ್ಟವನೂ ಇವನೇ. ಆ ಮನುಷ್ಯ ಯಾವ ಕೆಲಸಕ್ಕೆ ಹೋದರೂ ಬಿದ್ದು ಬರುತ್ತಿದ್ದ. ಒಮ್ಮೆ ಮೆಟ್ಟಿಲಿಂದ ಉರುಳಿದ. ಒಮ್ಮೆ ಬೈಕಿನಿಂದ. ಹೋದ ವರ್ಷ ಯಾವುದೋ ಮಹಡಿಯಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಏನು ಕೆಲಸವಯ್ಯಾ ನಿಂದು ಎಂದರೆ, "ಕರೆದ್ರೆ ಹೋಗೋದು, ಭಾವಾ" ಎಂದು ಹಲ್ಲು ಬಿಡುತ್ತಿದ್ದ. ಹೆಂಡತಿ ಕೇಳಿದರೆ, "ಹೇಳಿದ್ರೆ ನಿನಗೆ ನಿದ್ದೆ ಬರಲ್ಲ ಕಣೇ" ಎನ್ನುತ್ತಿದ್ದ. ನೆಲದ ಮೇಲೆ ನೆಟ್ಟಗೆ ನಿಲ್ಲಲು ಬಾರದವನಿಗೆ ಮಾತಿಗೇನೂ ಬರವಿರಲಿಲ್ಲ.

ಮಟ್ಟಗೋಲಿಗೆ ಆ ಹೆಸರು ಬಂದದ್ದು ಕೆಲಸದಿಂದ. ಮೀಸೆ ಮೂಡಿದಾಗಿನಿಂದ ಚೌಕಟ್ಟಿಗೆ ಬೋರ್ಡು ಕಚ್ಚಿಸುವುದೇ ಕಸುಬು. ದೂರದಿಂದಲೇ ಯಾವುದು ಸೊಟ್ಟ ಎಂದು ಹೇಳುತ್ತಿದ್ದ. ಮನುಷ್ಯರನ್ನೂ ಹಾಗೇ ಅಳೆಯುತ್ತಿದ್ದ. ಅವನ ಕಣ್ಣಿಗೆ ಮುಕ್ಕಾಲು ಜನ ಸೊಟ್ಟ, ತಂಗಿಯ ಗಂಡ ಪೂರ್ತಿ ಸೊಟ್ಟ.

ಬೆಳಿಗ್ಗೆ ತಂಗಿ ಫೋನು ಮಾಡಿದ್ದಳು.

"ಅಣ್ಣಾ, ಇವತ್ತು ಇವರಿಗೆ ಗೋಡೆ ಕೆಲಸವಂತೆ. ನಿನ್ನ ಕಸುಬೇ ಅಲ್ವಾ? ಒಂದ್ಸಲ ಹೋಗಿ ನೋಡು."

"ಅವನಿಗೆ ಗೋಡೆ ಕೆಲಸ ಕೊಟ್ಟ ಪುಣ್ಯಾತ್ಮ ಯಾರಮ್ಮಾ? ಅವನು ಒರಗಿದ ಗೋಡೇನೂ ಬೀಳುತ್ತೆ."

"ನಗಬೇಡ. ಇದೂ ಕೈಬಿಟ್ರೆ ಮಗೂನ ಎತ್ಕೊಂಡು ನಿನ್ನ ಮನೆಗೇ ಬಂದ್ಬಿಡ್ತೀನಿ. ನಂಗೂ ಸಾಕಾಗಿದೆ."

ಅವಳ ದನಿ ಒಡೆದಿತ್ತು. ಮಟ್ಟಗೋಲು ಆಮೇಲೆ ನಗಲಿಲ್ಲ. ತನ್ನ ಕೆಲಸ ಬಿಟ್ಟು, ಚೀಲವನ್ನು ಹೆಗಲಿಗೇರಿಸಿ ಬಂದಿದ್ದ.

ಅದೊಂದು ಹಳೇ ಗೋದಾಮು. ಹೊರಗೆ ಜನರೇಟರ್ ಗುರ್ ಎನ್ನುತ್ತಿತ್ತು. ತಂಗಿಯ ಗಂಡನನ್ನು ವಿಚಾರಿಸಿದರೆ ಬಾಗಿಲು ಕಾಯುವವನು ಕುರ್ಚಿಯಿಂದ ಏಳುವ ಕಷ್ಟ ತೆಗೆದುಕೊಳ್ಳಲಿಲ್ಲ.

"ಅವರಾ? ಊಟಕ್ಕೆ ಹೋಗಿದ್ದಾರೆ, ಎಲ್ಲರೂ. ಹಿಂದಿನ ಬಾಗಿಲಿಂದ ಹೋಗಿ, ಎದುರಿಗೇ ಅವರ ಗೋಡೆ."

"ಕೆಲಸ ಹೇಗೆ ಮಾಡ್ತಾನೆ?"

"ಊಟ ಆದ್ಮೇಲೆ ಗೊತ್ತಾಗುತ್ತೆ. ದೊಡ್ಡವರೆಲ್ಲ ನಿಂತು ನೋಡ್ತಾರೆ. ಗೋಡೆ ಕೆಟ್ರೆ ಇನ್ನೊಂದ್ಸಲ ಕರೆಯಲ್ವಂತೆ."

ಹೀಗೆ ಬಂದವನು ಈಗ ಗೋಡೆಯ ಬೆನ್ನಿಗೆ ನಿಂತಿದ್ದ. ಬೋರ್ಡು ಕಾಗದದಷ್ಟು ತೆಳ್ಳಗೆ. ನಡುವೆ ಇರಲೇಬೇಕಾದ ನಿಲುಪಟ್ಟಿಯೇ ಇಲ್ಲ. ಆಳೊಬ್ಬ ಆರಾಮಾಗಿ ನುಗ್ಗುವಷ್ಟು ಖಾಲಿ. ಸಂದಿಯಿಂದ ಆ ಕಡೆಯ ಬೆಳಕು ಚೂಪಾಗಿ ಬೀಳುತ್ತಿತ್ತು. ಕರೆಂಟು ಇವರಪ್ಪನದು ಅನ್ನೋ ಹಾಗೆ ಉರಿಸಿಟ್ಟು ಉಣ್ಣಲು ಹೋಗಿದ್ದಾರೆ, ದಂಡಪಿಂಡಗಳು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಕಾಲಡಿಯ ಹಾಸಿಗೆ. ಗೋಡೆಯ ಬುಡದಲ್ಲೇ, ಒಂದರ ಮೇಲೊಂದು, ದಪ್ಪ ದಪ್ಪ ಹಾಸಿಗೆಗಳು.

"ಕೆಲಸದ ಜಾಗದಲ್ಲೇ ನಿದ್ದೆಗೂ ಏರ್ಪಾಡು! ನಮ್ಮ ಮಹಾರಾಜರಿಗೆ ದಿಂಬು ಮರೆತುಹೋಯ್ತೇನೋ."

ಕಾಲಿನಿಂದ ಒದ್ದು, ದರದರ ಎಳೆದು ಮೂಲೆಗೆ ಎಸೆದ.

ಬಿಟ್ಟು ಹೋಗಬಹುದಿತ್ತು. ಗೋಡೆ ಬೀಳಲಿ, ಇವನೂ ಬೀಳಲಿ ಎನ್ನಬಹುದಿತ್ತು. ತಂಗಿಯ ಒಡೆದ ದನಿ ನೆನಪಾಯಿತು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ತನ್ನ ಮನೆಯ ಹೊಸ್ತಿಲಲ್ಲಿ ಅವಳು ನಿಲ್ಲುವುದು ಕಣ್ಣಿಗೆ ಕಟ್ಟಿತು. ಡ್ರಿಲ್ ತೆಗೆದ.

ಪಕ್ಕದಲ್ಲಿ ಮರದ ಪಟ್ಟಿ, ದಪ್ಪ ಪ್ಲೈವುಡ್ ರಾಶಿ ಬಿದ್ದಿತ್ತು. ಒಳ್ಳೆ ಸಾಮಾನು ಕಣ್ಣೆದುರಿಗಿದ್ದರೂ ಬಳಸಲು ಗೊತ್ತಿಲ್ಲದ ಪೆದ್ದ. ಖಾಲಿ ಬಿಟ್ಟ ಜಾಗಕ್ಕೆ ನಿಲುಪಟ್ಟಿ ಕೊಟ್ಟ. ಅದಕ್ಕೆ ಅಡ್ಡಪಟ್ಟಿ ಕೊಟ್ಟ. ಚೌಕಟ್ಟನ್ನು ನೆಲಕ್ಕೆ ಕಚ್ಚಿಸಿದ. ಅದರ ಮೇಲೆ ಪ್ಲೈವುಡ್ ಹೊದಿಸಿ, ಗೇಣಿಗೊಂದರಂತೆ ಸ್ಕ್ರೂ ಬಿಗಿದ. ಪ್ರತಿಯೊಂದೂ ಪಟ್ಟಿಯ ನಡುನೆತ್ತಿಗೆ. ಒಂದೊಂದು ಸ್ಕ್ರೂಗೂ ಒಂದೊಂದು ಬೈಗುಳ. ಸೋಮಾರಿ. ಅಪ್ರಯೋಜಕ. ಹೆಂಡತಿಯ ಕಣ್ಣೀರಲ್ಲಿ ಕೈ ತೊಳೆಯುವವನು.

ಕೊನೆಗೆ ಹೆಗಲು ಕೊಟ್ಟು ಗುದ್ದಿ ನೋಡಿದ. ಹೆಗಲೇ ನೊಂದಿತು. ಆ ದಿನದಲ್ಲಿ ಮೊದಲ ಸಲ ಮುಖ ಸಡಿಲವಾಯಿತು.

"ಈಗ ಯಾವ ದೊಡ್ಡ ಮನುಷ್ಯ ಬೇಕಾದ್ರೂ ಬಂದು ನೋಡಲಿ. ತಂಗಿ ಮುಖ ನೋಡಿ ಉಳಿಸಿದೀನಿ, ಬೀಳಪ್ಪಾ. ಇವತ್ತೊಂದು ದಿನ ನೆಟ್ಟಗೆ ಮನೆಗೆ ಹೋಗು."

ಆ ಕಡೆ ಜನ ಬಂದ ಸದ್ದಾಯಿತು. ಕುರ್ಚಿಗಳು ಸರಿದವು. ಬೀಳಪ್ಪನ ನಗು ಕೇಳಿಸಿತು. ಉಂಡ ಮೇಲೆ ಅವನಿಗೆ ನಗುವೇ ಬರುವುದು.

"ಮಾಸ್ಟರ್, ಇದೊಂದು ಮುಗಿಸಿದ್ರೆ ಖಾಯಂ ಅಂದಿದ್ದೀರಿ, ಮಾತು ತಪ್ಪಬೇಡಿ. ಇವತ್ತು ರಾತ್ರಿ ಮನೆಯವಳಿಗೆ ಎಲ್ಲಾ ಹೇಳ್ಬಿಡ್ತೀನಿ."

"ಹೇಳಪ್ಪಾ, ಹೇಳು. ಮೊದಲು ಇದನ್ನ ಮುಗಿಸು."

ಮಟ್ಟಗೋಲು ಗೋಡೆಗೆ ಕಿವಿ ಕೊಟ್ಟು ನಿಂತ. ಹೊಗಳುವ ಮಾತು ಕೇಳಿ ಹೋಗೋಣವೆಂದು. ಧ್ವನಿವರ್ಧಕ ಕೆಮ್ಮಿತು.

"ಎಲ್ಲರೂ ಸುಮ್ನಿರಿ! ಕ್ಯಾಮೆರಾ ಓಡಲಿ! ಹೀರೋ ಅಂಗಿ ಹಾಕ್ಕೊಂಡ್ಯಲ್ಲ? ತಲೆ ಮುಂದಿಟ್ಟು ಜೋರಾಗಿ ಓಡಿ ಬಾ, ಗೋಡೆ ಸೀಳ್ಕೊಂಡು ಆ ಕಡೆ ಬೀಳು!"

ಮಟ್ಟಗೋಲು ಬಾಯಿ ತೆರೆಯುವುದರೊಳಗೆ ಹೆಜ್ಜೆಗಳು ಓಡಿ ಬಂದಿದ್ದವು. ಗೋಡೆ ಅಲುಗಲಿಲ್ಲ.