ಹಿರಿಮಗನ ದನಿ

ತಂದೆ ತೀರಿಕೊಂಡಾಗ ಚೆನ್ನವೀರಪ್ಪ, ಊರಿನ ಎಲ್ಲ ಹಿರಿಮಕ್ಕಳಂತೆ, ಆಸ್ಪತ್ರೆಯಲ್ಲಿ ಅಪ್ಪನ ದನಿಯನ್ನು ತನ್ನ ಗಂಟಲಿಗೆ ಹಾಕಿಸಿಕೊಂಡಿದ್ದ. ಆಗ ಅವನಿಗೆ ಇಪ್ಪತ್ತೆರಡು. ಗಂಡನ ದನಿ ಮನೆಯಲ್ಲೇ ಉಳಿಯಿತೆಂದು ತಾಯಿ ನೀಲವ್ವ ಸಮಾಧಾನಪಟ್ಟಳು. ಆದರೆ ಆಮೇಲೆ ಮದುವೆಯಾಗಿ ಬಂದ ಕಸ್ತೂರಿ, ಅವನು ಪ್ರೀತಿಯಿಂದ ಕರೆದಾಗಲೂ ಮಾವನೇ ಕರೆದಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹೋದ ವರ್ಷ ಅವನನ್ನು ಬಿಟ್ಟು ತವರಿಗೆ ಹೊರಟಾಗ, “ಇಪ್ಪತ್ತು ವರ್ಷ ಮಾವನವರ ಜೋಡಿ ಮಾತಾಡಿದೆ. ನೀವು ಯಾರಂತ ನನಗ ಗೊತ್ತಾಗ್ಲೇ ಇಲ್ಲ,” ಅಂದಳು.

ತಾನು ಯಾರೆಂದು ಅವನಿಗೂ ಗೊತ್ತಿರಲಿಲ್ಲ. ನಲವತ್ತೆಂಟರ ವಯಸ್ಸಿನಲ್ಲಿ ಅವನು ಆ ದನಿ ತೆಗೆಸಲು ಹೊರಟ. ಹಾಗೆ ತೆಗೆಸಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

“ಅವರನ್ನ ಇನ್ನೊಮ್ಮೆ ಕಳಕೋಬೇಕೇನೋ ನಾನು?” ಎಂದು ನೀಲವ್ವ ಅತ್ತಳು.

“ಹೌದವ್ವಾ. ನನ್ನ ಕೈಲೆ ಇನ್ನ ಆಗೂದಿಲ್ಲ,” ಎಂದು ಅವನು ಅವಳ ಕೈ ಹಿಡಿದುಕೊಂಡ.

ನಾಲ್ಕನೆಯ ದಿನ ಆಸ್ಪತ್ರೆಯಿಂದ ಬಂದು ತಾಯಿಯ ಎದುರು ಕೂತು, “ಅವ್ವಾ,” ಎಂದ. ಬಳಸದೆ ಸೊರಗಿದ್ದ ಅವನ ಸ್ವಂತ ದನಿ ನಡುವೆಯೇ ಒಡೆಯಿತು. ನಾಚಿ ಸುಮ್ಮನಾಗದೆ ಮತ್ತೆ ಕರೆದ. ಮೂರನೆಯ ಸಲ ಅದು ಪೂರ್ತಿ ಬಂತು.

ನೀಲವ್ವ ಕಣ್ಣೊರೆಸಿಕೊಂಡು ತಾನೇ ಸೊಸೆಗೆ ಫೋನ್ ಹಚ್ಚಿದಳು.

“ಕಸ್ತೂರಿ, ಗಟ್ಟಿಗ ಅದಾನವ್ವಾ ನನ್ನ ಮಗ. ತಗೋ, ಅವನ ಜೋಡಿ ಮಾತಾಡು.”