ಬಬಲೇಶ್ವರದ ಸುತ್ತುದಾರಿ

ತಿಕೋಟಾಕ್ಕೆ ನೆಟ್ಟಗೆ ಹೋಗಬೇಕಿದ್ದ ಗಾಡಿ ತೆಲಸಂಗ ದಾಟುತ್ತಲೇ ಬಲಕ್ಕೆ ಹೊರಳಿತು. ಹಿಂದಿನ ಸೀಟಿನಲ್ಲಿ ಅನುರಾಧಾ ಸೆಟೆದು ಕುಳಿತಳು.

"ಈ ಕಡೆ ಯಾಕ ಹೊಳ್ಳಿಸಿದಿ?"

"ಆ ರೋಡ್ ಬಂದ್ ಐತ್ರಿ ಅಕ್ಕಾ. ಬಬಲೇಶ್ವರ ಮ್ಯಾಲಿಂದ ಹೋಗೂಣು."

ಬೆಳಗಾವಿ ವಿಮಾನ ನಿಲ್ದಾಣದಿಂದ ಅಥಣಿಯವರೆಗೆ 'ಮೇಡಂ' ಎನ್ನುತ್ತಿದ್ದ ಡ್ರೈವರ್ ತೌಸೀಫ ಈಗ 'ಅಕ್ಕಾ' ಎನ್ನುತ್ತಿದ್ದ. ಹಾಡು ಬಂದ್ ಮಾಡಿದ್ದ. ಹತ್ತು ನಿಮಿಷದ ಹಿಂದೆ ಅವನಿಗೊಂದು ಫೋನು ಬಂದಿತ್ತು. ಗಾಡಿ ನಿಲ್ಲಿಸಿ, ಇಳಿದು, ದೂರದ ಬೇವಿನ ಮರದ ತನಕ ಹೋಗಿ ಮಾತಾಡಿ ಬಂದಿದ್ದ. ಆಗಿನಿಂದ ಕನ್ನಡಿಯಲ್ಲಿ ಅವಳ ಕಣ್ಣು ತಪ್ಪಿಸುತ್ತಿದ್ದ.

ಎರಡೂ ಕಡೆ ಕಬ್ಬು. ಎದುರಿಗೆ ಒಂದು ಗಾಡಿಯೂ ಇಲ್ಲ.

ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ಮನೆಯವರು ತಲೆಗೊಂದು ದಾರಿ ಹೇಳಿದ್ದರು. ಅವ್ವ ಲಕ್ಕವ್ವ, ಬಸ್ಸಿನಾಗ ಬಾ ಎಂದಿದ್ದಳು. ಗಂಡ ಚೇತನಕುಮಾರ ವಿಜಯಪುರದಿಂದ ಕಾರು ತರುತ್ತೇನೆ ಎಂದಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿದವನು ನಾಲ್ಕು ತಾಸು ಗಾಡಿ ಹೊಡೆಯುವುದು ಬೇಡ, ಬಾಯಿ ಮುಚ್ಚಿಕೊಂಡು ಮಲಗು ಎಂದು ಅನುರಾಧಾಳೇ ಗದರಿದ್ದಳು. ತಮ್ಮ ಶಿವಾನಂದನ ಮಾತು ಸರಿ ಕಂಡಿತು. ವಿಜಯಪುರದ ಗಾಡಿಗಳು ಬೆಳಗಾವಿಯಲ್ಲಿ ಗಿರಾಕಿ ಬಿಟ್ಟು ಖಾಲಿ ಮರಳುತ್ತವೆ. ಅಂಥ ರಿಟರ್ನ್ ಗಾಡಿ ಹಿಡಿ, ನಂಬರ್ ಪ್ಲೇಟಿನ ಫೋಟೊ ಮತ್ತು ಡ್ರೈವರನ ನಂಬರು ನನಗೆ ಕಳಿಸು. ಕಳಿಸಿದ್ದಳು. ಮಧ್ಯಾಹ್ನ ಮೂರಕ್ಕೆ ವಿಜಯಪುರದ ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ತಂಗಿ ಸ್ನೇಹಲಳ ನಿಶ್ಚಯ.

ಅನುರಾಧಾ ತಮ್ಮನಿಗೆ ಫೋನು ಹಚ್ಚಿದಳು. ಮೊದಲ ರಿಂಗಿಗೇ ಎತ್ತಿದ.

"ಶಿವೂ, ಇಂವ ಬ್ಯಾರೆ ದಾರಿ ಹಿಡದಾನ."

"ಗೊತ್ತೈತಿ. ಇಬ್ರಾಹಿಂಪುರದ ಹುಡುಗ, ಚಲೋ ಅದಾನ. ನೀ ಸುಮ್ಮ ಬಾ."

"ನಿನಗ ಹೆಂಗ ಗೊತ್ತು?"

ಫೋನಿನಲ್ಲಿ ನಿಶ್ಚಯದ ಮನೆಯ ಗದ್ದಲವಿಲ್ಲ. ಯಾರೋ ಬಿಕ್ಕಿದ್ದು, ಯಾರೋ ಅವರ ಬಾಯಿ ಮುಚ್ಚಿದ್ದು ಕೇಳಿಸಿತು.

"ಅವ್ವಗ ಫೋನ್ ಕೊಡು."

"ಮಲಗ್ಯಾಳ. ಆರಾಮ ಅದಾಳ. ಅಕ್ಕಾ, ಅವಸರ ಇಲ್ಲ. ದಾರ್ಯಾಗ ಏನರ ತಿಂದು ಬಾ."

ಡ್ರೈವರನ ಬಗೆಗಿದ್ದ ಹೆದರಿಕೆ ಎಲ್ಲಿ ಹೋಯಿತೋ. ಅದಕ್ಕಿಂತ ದೊಡ್ಡದು ಬಂದು ಎದೆಯ ಮೇಲೆ ಕುಳಿತಿತು.

ಈ ಕಡೆಯ ಜನ ಸಾವನ್ನು ಫೋನಿನಲ್ಲಿ ಹೇಳುವುದಿಲ್ಲ. ಆರಾಮ ಅದಾರ ಅನ್ನುತ್ತಾರೆ. ಅವಸರ ಇಲ್ಲ ಅನ್ನುತ್ತಾರೆ. ಹೆಣ ಎತ್ತುವ ತನಕ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ದಾರಿಯಲ್ಲೇ ತಿನ್ನಿಸಿ ಕರೆತರುತ್ತಾರೆ. ನಾಲ್ಕು ವರ್ಷದ ಹಿಂದೆ ಅಪ್ಪ ಸತ್ತಾಗಲೂ ಇದೇ ಶಿವಾನಂದ ಇದೇ ಮಾತು ಆಡಿದ್ದ. ಅವನ ಮಾತು ನಂಬಿ ಅವಳು ಹೋಟೆಲಿನಲ್ಲಿ ಕುಳಿತು ಎರಡು ಇಡ್ಲಿ ತಿಂದಿದ್ದಳು. ಆಗ ಅಪ್ಪ ಸತ್ತು ಮೂರು ತಾಸಾಗಿತ್ತು. ಇದನ್ನು ಕರುಣೆ ಅನ್ನುತ್ತಾರೆ. ಸುಡಲಿ ಇಂಥ ಕರುಣೆ.

ಅವ್ವನಿಗೆ ಎದೆಯ ಕಾಯಿಲೆ. ಮಗಳ ನಿಶ್ಚಯದ ದಿನ ಹಾಡುಹಗಲಲ್ಲಿ ಮಲಗುವ ಹೆಂಗಸಲ್ಲ ಅವಳು.

ಗಂಡನಿಗೆ ಹಚ್ಚಿದಳು. ಸ್ವಿಚ್ಡ್ ಆಫ್. ಬೆಳಗಾವಿಯಲ್ಲಿ ಇಳಿದಾಗಲೂ ಹಾಗೇ ಇತ್ತು. ಪಾಳಿ ಮುಗಿಸಿ ಬಂದು ಬಿದ್ದುಕೊಂಡಿದ್ದಾನೆ. ಇಂಥ ಹೊತ್ತಿನಲ್ಲೂ ನಿದ್ದೆ!

ಬಬಲೇಶ್ವರದಲ್ಲಿ ತೌಸೀಫ ಗಾಡಿ ನಿಲ್ಲಿಸಿ ನೀರಿನ ಬಾಟಲಿ ತಂದ.

"ಬಾಯಿ ತೊಯಿಸ್ಕೋರಿ ಅಕ್ಕಾ. ಒಂದ್ ಕಪ್ ಚಾ ತರಲ್ರಿ?"

"ಚಾ ಬ್ಯಾಡ. ನನ್ನ ಮುಖ ನೋಡಿ ಹೇಳು. ಫೋನ್ ಮಾಡಿದಾಂವ ನಮ್ಮ ತಮ್ಮ ಹೌದಲ್ಲೋ? ನಮ್ಮವ್ವಗ ಏನಾಗೇತಿ?"

"ಏನೂ ಆಗಿಲ್ರಿ."

"ಖುದಾನ ಆಣಿ ಮಾಡು."

"ಖುದಾನ ಆಣಿ, ನಿಮ್ಮವ್ವಾರು ಚಲೋ ಅದಾರ್ರಿ."

ಕಣ್ಣು ಪಿಳುಕಿಸದೆ ಆಣೆ ಮಾಡಿದ. ಅವಳಿಗೆ ಮೈ ಉರಿಯಿತು.

"ದೇವರ ಮ್ಯಾಲೆ ಸುಳ್ಳಾಣಿ ಮಾಡಾಕ ಎಷ್ಟ್ ಕೊಡ್ತೀನಿ ಅಂದಾನ ನಮ್ಮ ತಮ್ಮ?"

"ಬಾಡಿಗಿನೂ ಬ್ಯಾಡ ಅಂದೀನ್ರಿ," ಎಂದ ತೌಸೀಫ.

ಗಾಡಿ ಮತ್ತೆ ಹೊರಟಿತು. ಅವಳು ಸೆರಗು ಬಾಯಲ್ಲಿ ತುರುಕಿಕೊಂಡು ಕುಳಿತಳು. ಮೈಲಿಗಲ್ಲುಗಳು ಬಂದವು, ಹೋದವು. ಬೇಗ ಮುಟ್ಟಲಿ ಎಂದುಕೊಂಡಳು. ಮುಟ್ಟದೇ ಇರಲಿ ಎಂದೂ ಎಂದುಕೊಂಡಳು.

ಸ್ಟೇಷನ್ ರಸ್ತೆ. ಹೋಟೆಲಿನ ಮುಂದೆ ಬೀಗರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಮಾವಿನ ತೋರಣವನ್ನು ಯಾರೋ ಅರ್ಧ ಕಿತ್ತಿದ್ದರು. ಶಿವಾನಂದ ಬಂದು ಗಾಡಿಯ ಬಾಗಿಲು ತೆಗೆದ. ಅವಳು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಒಳಗ ಬರೂದಿಲ್ಲ ನಾ. ಅವ್ವನ್ನ ಹಂಗ ನೋಡೂದಿಲ್ಲ."

"ಇಳೀಯವ್ವಾ," ಎಂದಿತು ಒಂದು ದನಿ.

ತಮ್ಮನ ಹಿಂದಿನಿಂದ ಲಕ್ಕವ್ವ ಬಂದಳು. ನಡೆದುಕೊಂಡು. ಯಾರ ಆಸರೆಯೂ ಇಲ್ಲದೆ.

ಅನುರಾಧಾ ಹಾರಿ ಅವಳ ಕೊರಳಿಗೆ ಬಿದ್ದಳು. ನಕ್ಕಳು, ಅತ್ತಳು, ಅವ್ವನ ಕೆನ್ನೆ, ಕೈ, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. "ಬೆಚ್ಚಗದಿಯಲ್ಲ ಬೇ! ನನ್ನ ಜೀವಾ ತಿಂದ್ರಲ್ಲ ಎಲ್ಲಾರೂ ಸೇರಿ! ಇರು, ಈ ಶಿವ್ಯಾಂದು ಕಿವಿ ಹರೀತೀನಿ!"

ಯಾರೂ ನಗಲಿಲ್ಲ. ಅವ್ವ ಅವಳ ಎರಡೂ ಮುಂಗೈ ಬಿಗಿಯಾಗಿ ಹಿಡಿದಳು, ಬಿಡಲಿಲ್ಲ.

"ನೀ ಬ್ಯಾಡಂದ್ರೂ ಚೇತನಪ್ಪ ಕೇಳಲಿಲ್ಲ ನನ ಮಗಳ," ಎಂದಳು. "ಪಾಳಿ ಮುಗಿಸಿ, ನಿದ್ದಿಗಣ್ಣಾಗ ಕಾರ್ ತಗೊಂಡು ನಿನ್ನ ಕರಿಯಾಕ ಹೊಂಟಿದ್ದ. ತಿಕೋಟಾ ದಾಟಲಿಲ್ಲ."