ಜುಂಜಣ್ಣನ ಉಡಿದಾರ

1976ರ ನವೆಂಬರ್ 22, ಬೆಳಿಗ್ಗೆ ಹತ್ತೂಕಾಲು. ಚಿತ್ರದುರ್ಗದ ಆಸ್ಪತ್ರೆಯ ತಕ್ಕಡಿ ಚಿತ್ತಯ್ಯನ ತೂಕ ಹತ್ತು ಕೆ.ಜಿ. ಎಂದು ತೋರಿಸಿತು. ಹುಟ್ಟಿನಿಂದ ಹೃದಯದಲ್ಲಿ ತೂತಿದ್ದ ಆ ಒಂದೂಮುಕ್ಕಾಲು ವರ್ಷದ ಕೂಸಿಗೆ ಆಪರೇಷನ್ ಆಗಬೇಕಾದರೆ ಅಷ್ಟು ತೂಕ ಬರಬೇಕೆಂದು ಡಾಕ್ಟರು ಹೇಳಿದ್ದರು. ಉಬ್ಬಸದ ಕೂಸು ಈ ಚಳಿಗಾಲ ದಾಟುವುದೋ ಇಲ್ಲವೋ ಎಂಬ ಹೆದರಿಕೆ ತಾಯಿ ಯಲ್ಲಕ್ಕನಿಗೆ. ಅದಕ್ಕೇ ತೂಕ ಹೆಚ್ಚಲೆಂದು ಗಂಡ ಜುಂಜಣ್ಣನ ಭಾರದ ಬೆಳ್ಳಿ ಉಡಿದಾರವನ್ನು ಕೂಸಿನ ಉಣ್ಣೆ ಅಂಗಿಯೊಳಗೆ ಎರಡು ಸುತ್ತು ಸುತ್ತಿ ತಂದಿದ್ದಳು. ಚಳಿಯೆಂದು ಯಾರೂ ಅಂಗಿ ಬಿಚ್ಚಿಸಲಿಲ್ಲ.

“ಅಂತೂ ಗೆದ್ಯಲ್ಲೋ ಪೈಲ್ವಾನ,” ಎಂದು ನರ್ಸಮ್ಮ ಕೂಸಿನ ಗಲ್ಲ ಮುಟ್ಟಿದರು.

ಡಾಕ್ಟರು ಚೀಟಿಯಲ್ಲಿ ಹತ್ತು ಎಂದು ಬರೆದರು. “ಇನ್ನು ದೊಡ್ಡಾಸ್ಪತ್ರೆಗೆ ಹೋಗ್ರಿ. ಜ್ಞಾನ ತಪ್ಪಿಸೋ ಔಷಧಿನ ಈ ತೂಕ ನೋಡೇ ಅಳೀತಾರೆ. ಹೆಚ್ಚಾದ್ರೆ ಕೂಸು ಏಳಲ್ಲ.”

ಯಲ್ಲಕ್ಕನ ಕೈ ಕೂಸಿನ ಅಂಗಿಯ ಮೇಲೆ ನಿಂತಿತು.

“ಸುಮ್ಕಿರೇ. ಅಷ್ಟಕ್ಕೆಲ್ಲ ಏನಾಗಲ್ಲ,” ಎಂದು ಜುಂಜಣ್ಣ ಪಿಸುಗುಟ್ಟಿದ.

“ಮರಿಗೂ ಟಗರಿಗೂ ಒಂದೇ ಅಳತೆ ಔಷಧಿ ಕುಡಿಸ್ತೀಯೇನು ನೀನು?” ಎಂದವಳೇ ಅಂಗಿ ಎತ್ತಿ, ಉಡಿದಾರ ಬಿಚ್ಚಿ ಮೇಜಿನ ಮೇಲಿಟ್ಟಳು. “ಇನ್ನೊಂದ್ಸಲ ತೂಗ್ರಿ ಸ್ವಾಮಿ.”

ತಕ್ಕಡಿ ಒಂಬತ್ತೂವರೆ ತೋರಿಸಿತು. ಡಾಕ್ಟರು ಬೈಯಲಿಲ್ಲ. ಹತ್ತನ್ನು ಹೊಡೆದು ಹಾಕಿ, ಮುಂದಿನ ತೂಕ ಜನವರಿ ಮೂರಕ್ಕೆ ಎಂದು ಬರೆದುಕೊಟ್ಟರು. ಮಧ್ಯಾಹ್ನದ ಬಸ್ಸಿನಲ್ಲಿ ಮೂವರೂ ತಮ್ಮೂರು ಆದಿವಾಲಕ್ಕೆ ಹಿಂತಿರುಗಿದರು.